ಪಾತ್ರೆಗೆ ತೊಡಿಸಿದ ಕುಪ್ಪಸ

ನಮ್ಮ ಮುತ್ತಜ್ಜ ಹೆಬಳೆಯ ಬೊಮ್ಮ, ಯಾರೂ ಕಲಿಸದೆ ತಾನೇ ಏತ ಕಟ್ಟಿ ಊರ ಗದ್ದೆಗೆಲ್ಲ ನೀರು ಹಾಯಿಸಿದವನು. ಅವನ ಸೊಸೆ, ಅಂದರೆ ನನ್ನ ಅಜ್ಜಿ ನಾಗಿ, ನಾಟಿಯ ದಿನಗಳಲ್ಲಿ ಗಂಜಿಯ ಗಡಿಗೆಗೆ ಒಣಹುಲ್ಲು ಸುತ್ತಿ ತಲೆಯ ಮೇಲಿಟ್ಟು ಗದ್ದೆಗೆ ಒಯ್ದರೆ, ಮಧ್ಯಾಹ್ನ ಉಂಡವರು ನಾಲಿಗೆ ಸುಟ್ಟುಕೊಂಡು ಅವಳನ್ನು ಬೈಯುತ್ತಿದ್ದರು. ನನ್ನ ಅಪ್ಪನಂತೂ ಛತ್ರಿ, ಗಡಿಯಾರ, ರೇಡಿಯೋ ಯಾವುದನ್ನೂ ಬಿಚ್ಚದೆ ಬಿಟ್ಟವನಲ್ಲ. ತಿರುಗಿ ಜೋಡಿಸಿದ ಮೇಲೆ ಉಳಿದ ತಿರುಪುಗಳನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದ. ಇಂಥ ವಂಶದ ಕುಡಿ ನಾನು! ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟರೂ ಹೊಲಿಗೆಯಿಂದ ಹಿಡಿದು ಮೊಬೈಲಿನವರೆಗೆ ಎಲ್ಲವನ್ನೂ ನನಗೆ ನಾನೇ ಕಲಿಸಿಕೊಂಡಿದ್ದೇನೆ. ಹೀಗಿರುವಾಗ ಒಂದು ಪಾತ್ರೆಗೆ ಅಂಗಿ ಹೊಲಿಯುವುದು ನನಗೆ ಯಾವ ಮಹಾ ಕೆಲಸ?

ವಿಷಯ ಇಷ್ಟು. ಕುಮಟೆಯಲ್ಲಿ ನಮ್ಮದೊಂದು ನಡಿಗೆಯ ಬಳಗವಿದೆ. ಆಗಾಗ ಕಡಲಂಚಿನ ಗುಡ್ಡ ಹತ್ತುತ್ತೇವೆ. ಅದರ ಹಿರಿಯರು ಶ್ರೀಧರ ಮಾಸ್ತರರು. ಊಟದ ಪಾರುಪತ್ಯವೂ ಅವರದೇ. ಆ ಊಟವೋ, ಪ್ರತಿ ಸಲವೂ ತಣ್ಣನೆಯ ಅವಲಕ್ಕಿ! ಬಾಡ ಊರಿನ ಗುಡ್ಡಕ್ಕೂ ಅವಲಕ್ಕಿ, ಅಪ್ಸರಕೊಂಡಕ್ಕೂ ಅವಲಕ್ಕಿ. ತಿಂದು ತಿಂದು ನಮ್ಮ ದವಡೆಗಳೇ ಅರ್ಧ ನಡಿಗೆ ಮುಗಿಸುತ್ತಿದ್ದವು.

ಅಷ್ಟರಲ್ಲಿ ಭಟ್ಕಳದಿಂದ ನನ್ನ ಅಣ್ಣನ ಮಗಳು ಪವಿತ್ರಾ ಬಂದಳು. ಬೆನ್ನಿಗೆ ಚೀಲ ಹೇರಿಕೊಂಡು ಬೆಟ್ಟ ಸುತ್ತುವ ಹುಡುಗಿ. ಅವಳ ಚೀಲದಲ್ಲಿ ಪುಟ್ಟ ಪಾತ್ರೆ, ಅದಕ್ಕೊಂದು ಬೆಳ್ಳಿಬಣ್ಣದ ದಪ್ಪ ಹೊದಿಕೆ.

"ಇದೆಂತದೇ?"

"ಪಾಟ್ ಕೋಜಿ, ಅತ್ತೆ. ಒಂದು ಕುದಿ ಬಂದ ಕೂಡ್ಲೆ ಒಲೆ ಆರ್ಸಿ ಪಾತ್ರೆ ಇದ್ರೊಳಗೆ ಇಟ್ರೆ ಆತು. ನೂಡಲ್ಸ್ ಹತ್ತು ನಿಮಿಷದಲ್ಲಿ ತನ್ನಷ್ಟಕ್ಕೇ ಬೇಯ್ತದೆ. ಗ್ಯಾಸ್ ಉಳೀತದೆ."

ಹತ್ತು ನಿಮಿಷದಲ್ಲಿ ನೂಡಲ್ಸ್ ಬೇಯಿಸುವ ಕುಪ್ಪಸ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಟ್ಟರೆ ಏನನ್ನು ತಾನೇ ಬೇಯಿಸಲಿಕ್ಕಿಲ್ಲ! ಅಂದೇ ಸಂಜೆ ಬಳಗದವರ ಮುಂದೆ ಘೋಷಿಸಿಬಿಟ್ಟೆ: "ಈ ಭಾನುವಾರ ಯಾರೂ ಬುತ್ತಿ ತರಬೇಡಿ. ಬಾಡದ ಗುಡ್ಡದ ಮೇಲೆ ಹಬೆಯಾಡುವ ಕುಚ್ಚಲಕ್ಕಿ ಅನ್ನ, ನನ್ನ ಕೈಯಿಂದ!"

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ಒಲೆ?"

"ಬೇಡ."

"ಬೆಂಕಿ?"

"ಬೇಡ."

"ಆತು. ಬಿಸಿ ಅನ್ನ ಬಡ್ಸಿರೆ ಇನ್ನು ಊಟದ ಪಾರುಪತ್ಯ ನಿಮ್ದು. ಬಡ್ಸದೇ ಹೋದ್ರೆ ಅವಲಕ್ಕಿಗೆ ಯಾರೂ ಹೆಸ್ರು ಇಡೂ ಹಾಂಗಿಲ್ಲ!"

ಕುಪ್ಪಸಕ್ಕೆ ಬೆಳ್ಳಿಹಾಳೆ ಬೇಕಲ್ಲ? ನಮ್ಮ ಕಾರಿನ ಮುಂದಿನ ಗಾಜಿಗೆ ಬಿಸಿಲು ತಾಗದಂತೆ ಇಡುವ ಹಾಳೆಯನ್ನು ಕತ್ತರಿಸಿ, ನಡುವೆ ಹಳೆಯ ಉಣ್ಣೆಯ ಶಾಲು ತುರುಕಿ, ಹೊಲಿಗೆ ಯಂತ್ರದಲ್ಲಿ ಗಡಗಡನೆ ಹೊಲಿದೆ. ಯಜಮಾನರು ಉಮೇಶರಾಯರು ಕಾರಿನಿಂದ ಇಳಿದು ಬಂದರು.

"ನನ್ನ ಬಿಸ್ಲು ಹಾಳೆ ಎಲ್ಲಿ?"

"ಪಾತ್ರೆ ಉಟ್ಕೊಂಡಿದೆ."

ಅವರು ಪಾತ್ರೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಅಲ್ಲ ಮಾರಾಯ್ತಿ, ಹೊರಗಿನ ಬಿಸಿ ಒಳಗೆ ಬರಬಾರ್ದು ಹೇಳಿ ನಾ ಅದನ್ನ ತಂದದ್ದು. ಒಳಗಿನ ಬಿಸಿ ಹೊರಗೆ ಹೋಗಬಾರ್ದು ಹೇಳಿ ನೀ ಹೇಳ್ತೆ. ಅದು ಯಾರ ಮಾತು ಕೇಳೂದು?"

ನನಗೂ ತಲೆ ಗಿರ್ರೆಂದಿತು. ಆದರೆ ತೋರಿಸಿಕೊಳ್ಳುವುದುಂಟೆ? "ಅದ್ಕೇ ತಿರುಗಿಸಿ ಹೊಲ್ದದ್ದು!" ಎಂದೆ. ನಾನು ರಾತ್ರಿಯೆಲ್ಲ ಯೋಚಿಸಿದೆ. ತಿರುಗಿಸಿದ್ದು ಯಾವ ಕಡೆಗೆ?

ಭಾನುವಾರ ಬೆಳಿಗ್ಗೆ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕುಚ್ಚಲಕ್ಕಿ, ಹೆಸರುಕಾಳು, ನೀರು. ಕುದಿ ಬಂದದ್ದೇ ಒಲೆ ಆರಿಸಿ ಕುಪ್ಪಸ ತೊಡಿಸಿದೆ. ನೋಡುತ್ತೇನೆ, ಮುಚ್ಚಳದ ಸಂದಿಯಿಂದ ಹಬೆ ಪುಸುಪುಸು ಹೊರಡುತ್ತಿದೆ! ಬೇಯಿಸುವ ಶಕ್ತಿಯೇ ಮನೆ ಬಿಟ್ಟು ಹೋಗುತ್ತಿದೆ! ಬಟ್ಟೆ ತುರುಕಿದೆ, ನಿಲ್ಲಲಿಲ್ಲ. ಹೊರಗೆ ಪವಿತ್ರಾ ಕಾರಿನ ಹಾರನ್ ಒತ್ತುತ್ತಿದ್ದಳು. ಆಗ ಅಟ್ಟದ ಮೂಲೆಯಲ್ಲಿ ಕಂಡಿತು, ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ. ತೂತು ಬಿದ್ದ ಬಕೆಟ್ಟಿಗೆ ಮೆತ್ತಲು ಹಲಸು ಕೊಯ್ದಾಗಲೆಲ್ಲ ನಾವು ಕೂಡಿಡುವ ಅಂಟು. ನೀರು ಸೋರದಂತೆ ಹಿಡಿಯುವ ಮೇಣ ಹಬೆಯನ್ನು ಬಿಟ್ಟೀತೆ? ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಳದ ಸುತ್ತ ಧಾರಾಳವಾಗಿ ಬಳಿದೆ. ಹಬೆ ಗಪ್‌ಚುಪ್! ಪಾತ್ರೆಯನ್ನು ಚೀಲಕ್ಕಿಳಿಸಿ ಬೆನ್ನಿಗೇರಿಸಿಕೊಂಡು ರಾಣಿಯಂತೆ ಹೊರಟೆ.

ಗುಡ್ಡದ ತುದಿ ತಲುಪುವಾಗ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಎಲೆ ಹಾಕಿ ಸಾಲಾಗಿ ಕುಳಿತರು. ಚೀಲ ಬಿಚ್ಚಿದೆ. ಪಾತ್ರೆ ಬರಲೊಲ್ಲದು! ಯಜಮಾನರು ಚೀಲ ಹರಿದು ಹೊರತೆಗೆದರು. ಬಿಸಿಗೆ ಕರಗಿದ ಮೇಣ ಮುಚ್ಚಳದಿಂದ ಇಳಿದು, ಕುಪ್ಪಸದ ಹೊಲಿಗೆಯಲ್ಲೆಲ್ಲ ಹರಿದು, ಈಗ ಕಡಲ ಗಾಳಿಗೆ ಗಟ್ಟಿಯಾಗುತ್ತಿತ್ತು.

"ನೀವು ಮುಚ್ಚಳ ಎಳೀರಿ, ನಾ ಪಾತ್ರೆ ಹಿಡೀತೆ!" ಎಂದು ಎರಡೂ ಅಂಗೈಗಳಿಂದ ಪಾತ್ರೆಯನ್ನು ಅವುಚಿ ಹಿಡಿದೆ. ಯಜಮಾನರು ಎಳೆದರು. ಪವಿತ್ರಾ ಯಜಮಾನರನ್ನು ಎಳೆದಳು. ಮುಚ್ಚಳ ಮಿಸುಕಲಿಲ್ಲ, ಕುಪ್ಪಸದ ಹೊಲಿಗೆ ಮಾತ್ರ ಪಟ್ಟೆಂದು ಬಿಟ್ಟು, ಬೆಚ್ಚನೆಯ ಮೇಣ ನನ್ನ ಬೆರಳ ಸಂದಿಗಳಲ್ಲಿ ಸಲೀಸಾಗಿ ಇಳಿಯಿತು.

ಮಾಸ್ತರರು ಬಂದು ಪಾತ್ರೆಗೆ ಕಿವಿಯಿಟ್ಟರು. "ಅನ್ನ ಬೆಂದಿದ್ಯಾ?"

"ಬೆಂದಿದೆ!"

"ನೋಡಿದ್ದು ಯಾರು?"

ಅದೇ ದೊಡ್ಡ ಗೊಂದಲ! ಒಬ್ಬರು ತಟ್ಟಿ ನೋಡಿ ಬಿಸಿ ಇದೆ ಎಂದರು. ಇನ್ನೊಬ್ಬರು, ಅದು ಬಿಸಿಲಿನ ಬಿಸಿ ಎಂದರು. ಅಲ್ಲಾಡಿಸಿದರೆ ನೀರಿನ ಸದ್ದು ಎಂದು ಒಬ್ಬರು, ಗಂಜಿಯ ಸದ್ದು ಎಂದು ಮತ್ತೊಬ್ಬರು. ಕಣ್ಣೆದುರಿಗೇ ಊಟ, ಆದರೆ ಅದು ಊಟವೋ ಅಕ್ಕಿಯೋ ಬ್ರಹ್ಮನಿಗೂ ತಿಳಿಯದು!

"ಅತ್ತೆ, ಪಾತ್ರೆ ಕೆಳಗಿಡಿ, ಕಲ್ಲಿಂದ ತಟ್ಟಿ ನೋಡ್ವ," ಎಂದಳು ಪವಿತ್ರಾ.

ನಾನು ಕೆಳಗಿಡಲಿಲ್ಲ.

"ಇಡಿ ಅತ್ತೆ!"

"ಇಡೂಕೆ ಬಿಡಬೇಕಲ್ಲೇ!"

ಅವಳು ನನ್ನ ಬೆರಳೊಂದನ್ನು ಎಳೆದು ನೋಡಿದಳು. ಆಮೇಲೆ ಅವಳು ಹುಲ್ಲಿನ ಮೇಲೆ ಬಿದ್ದು ಉರುಳಾಡಿ ನಕ್ಕಳು. ಹಲಸಿನ ಮೇಣ ಬಿಡಿಸಲು ತೆಂಗಿನೆಣ್ಣೆ ಬೇಕು. ಗುಡ್ಡದ ಮೇಲೆ ಅದೆಲ್ಲಿ? ಪವಿತ್ರಾ ತನ್ನ ಮುಖಕ್ಕೆ ಹಚ್ಚುವ ಬಿಸಿಲಿನ ಕ್ರೀಮು ಸವರಿದಳು. ಕೈ ಬಿಡಲಿಲ್ಲ, ಬೆಳ್ಳಗಾಯಿತು.

ಮಾಸ್ತರರು ತಮ್ಮ ಜೋಳಿಗೆಯಿಂದ ದೊಡ್ಡದೊಂದು ಡಬ್ಬಿ ತೆಗೆದರು. ಅವಲಕ್ಕಿ! ಎಲ್ಲರಿಗೂ ಸಾಕಾಗುವಷ್ಟು! "ಯಾರೂ ಬುತ್ತಿ ತರಬೇಡಿ" ಎಂದ ನನ್ನ ಮಾತಿಗೆ ಆ ಮಹಾನುಭಾವ ಕೊಟ್ಟ ಬೆಲೆ ಇದು! ಇಡೀ ಬಳಗದೆದುರು ಯಜಮಾನರು "ಆ ಅನ್ನು" ಎನ್ನುತ್ತ ನನಗೆ ತುತ್ತು ತಿನ್ನಿಸಿದರು. ಮದುವೆಯ ದಿನವೂ ಅವರಿಗೆ ಇಷ್ಟು ಧೈರ್ಯ ಇರಲಿಲ್ಲ.

"ಹೇಂಗಿದೆ ಅವಲಕ್ಕಿ?" ಮಾಸ್ತರರು ಕೇಳಿದರು.

ಪಾರುಪತ್ಯ ಗಂಟಲಿಗಿಂತ ಕೆಳಗೆ ಇಳಿದುಹೋಗಿತ್ತು. "ಚೊಲೋ ಇದೆ," ಎಂದೆ. "ತಣ್ಣಗಿದ್ರೇ ರುಚಿ."

ಕಾರು ಗುಡ್ಡದ ಆಚೆ ಬದಿಯಲ್ಲಿ ಉಳಿದಿತ್ತು. ಕೈ ಊರದೆ ಆ ಕಡಿದಾದ ದಾರಿಯಲ್ಲಿ ಇಳಿಯಲಾಗದೆ, ಈಚೆ ಇಳಿದು ಕುಮಟೆಯ ಬಸ್ಸು ಹಿಡಿದೆವು. ಪಾತ್ರೆಗೆ ಅಂಟಿದ ನನ್ನ ಕೈಗಳು ಮಾತ್ರ ಕಾಣದಂತೆ ಪವಿತ್ರಾ ಸೆರಗು ಹೊದಿಸಿದಳು. ಯಜಮಾನರು ಹಿಂದಿನಿಂದ ನೂಕಿ ಹತ್ತಿಸಿದರು. ಬಸ್ಸು ಕಿಕ್ಕಿರಿದಿತ್ತು. ಕಂಬಿ ಹಿಡಿಯದೆ ತಿರುವು ತಿರುವಿಗೂ ತೂಗಾಡುತ್ತಿದ್ದ ನನ್ನನ್ನು ಕಂಡು ಸೀಟಿನಲ್ಲಿ ಕುಳಿತ ಹೆಂಗಸೊಬ್ಬಳು ಕನಿಕರದಿಂದ ಕೈ ಚಾಚಿದಳು.

"ಅಕ್ಕಾ, ಆ ಪಾತ್ರೆ ಇತ್ಲಾಗೆ ಕೊಡಿ. ಇಳಿಯೋವರೆಗೆ ನನ್ನ ಮಡ್ಲಲ್ಲಿ ಇಟ್ಕೊಳ್ತೆ."

ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿದರು. ಪವಿತ್ರಾ ಬಾಯಿಗೆ ದುಪಟ್ಟಾ ತುರುಕಿಕೊಂಡಳು. ನಾನು ತಲೆಯೆತ್ತಿ, ಎದೆ ಸೆಟೆಸಿ ಹೇಳಿದೆ:

"ಬೇಡ ತಂಗೀ. ನನ್ನ ಪಾತ್ರೆ ನಾ ಯಾರ ಕೈಗೂ ಕೊಡೂದಿಲ್ಲ!"