ದುರಸ್ತಿ ನಡೆಯುತ್ತಿದೆ, ಯಾರೂ ಮುಟ್ಟಬಾರದು

"ಯಂತ್ರ ಅಂತ ಹೆಸರಿಟ್ಕೊಂಡ ಯಾವುದೂ ನನ್ನ ಮುಂದೆ ಬಾಲ ಬಿಚ್ಚೋ ಹಾಗಿಲ್ಲ!"

ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಊಟದ ಮೇಜಿನ ಮುಂದೆ ಎದೆ ಸೆಟೆಸಿ ನಿಂತು, ಹೆಂಡತಿ ಮತ್ತು ಅತ್ತೆಯ ಸಮಕ್ಷಮದಲ್ಲಿ ನಾನು ಹೊರಡಿಸಿದ ಘೋಷಣೆ ಇದು. ಘೋಷಿಸುವ ಅಧಿಕಾರವೂ ನನಗಿತ್ತೆನ್ನಿ. ನಾನು ಲಿಫ್ಟ್ ಮೆಕ್ಯಾನಿಕ್. ಏಳನೆಯ ಮತ್ತು ಎಂಟನೆಯ ಮಹಡಿಯ ನಡುವೆ ಸಿಕ್ಕಿಕೊಂಡ ಎಂತೆಂಥ ದೊಡ್ಡ ಮನುಷ್ಯರು ನನ್ನ ಹೆಸರು ಹಿಡಿದು ಗೋಳಾಡಿದ್ದಾರೆ! ಅಂಥವನಿಗೆ ಒಂದು ಹಳೇ ಲ್ಯಾಪ್‌ಟಾಪ್ ಯಾವ ಲೆಕ್ಕ?

ಲ್ಯಾಪ್‌ಟಾಪು ಪಕ್ಕದ ರಸ್ತೆಯ ಫೋಟೊ ಸ್ಟುಡಿಯೊದವರದ್ದು. ಅವರು ಹೊಸದು ಕೊಂಡರು, ಹಳೆಯದು ನಮ್ಮ ಮನೆ ಸೇರಿತು. "ಬ್ಯಾಟರಿ ಸತ್ತಿದೆ ಸಾರ್. ವೈರ್ ಚುಚ್ಚಿದ್ರೆ ಮಾತ್ರ ಓಡುತ್ತೆ. ಮಿಕ್ಕಿದ್ದೆಲ್ಲ ಫಸ್ಟ್ ಕ್ಲಾಸ್" ಎಂದು ಮೊದಲೇ ಹೇಳಿದ್ದರು, ಪಾಪ.

ಅದು ಬೇಕಾಗಿದ್ದದ್ದು ನನ್ನ ಹೆಂಡತಿಗೆ. ಅವಳು ಟೈಲರ್. ಅವತ್ತು ಸಂಜೆ ನಾಲ್ಕಕ್ಕೆ ಅವಳ ಮೊಟ್ಟಮೊದಲ ಆನ್‌ಲೈನ್ ಹೊಲಿಗೆ ಕ್ಲಾಸು. ಹನ್ನೊಂದು ಜನ ಹೆಸರು ಕೊಟ್ಟಿದ್ದರು. "ಹದಿನೈದು ವರ್ಷದಿಂದ ಬರೀ ಮಿಷನ್ನೇ ಮಾತಾಡ್ತಿತ್ತು ರೀ, ಇವತ್ತು ನಾನು ಮಾತಾಡ್ತೀನಿ" ಎನ್ನುತ್ತ ಎರಡು ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ನಡೆಸಿದ್ದಳು. ನಾನು ಗಡ್ಡ ಕೆರೆಯಲು ನಿಂತರೆ ಹಿಂದಿನಿಂದ "ಎಲ್ಲರಿಗೂ ನಮಸ್ಕಾರ" ಎಂದು ಕೇಳುತ್ತಿತ್ತು. ನಾನೂ ನೊರೆ ಮುಖದಲ್ಲೇ ನಮಸ್ಕರಿಸುತ್ತಿದ್ದೆ.

"ಸುಮ್ನೆ ವೈರ್ ಚುಚ್ಚಿ ಆನ್ ಮಾಡ್ರೀ" ಎಂದಳು.

"ಛೆ ಛೆ! ಇನ್ನೊಬ್ಬರ ಮನೇಲಿ ಬಾಳಿ ಬಂದಿರೋ ಯಂತ್ರ ಕಣೇ. ಒಳಗೆ ಏನಿದೆ ಅಂತ ನೋಡದೆ ಕರೆಂಟ್ ಕೊಡೋದಾ? ಅದಕ್ಕೊಂದು ಶಾಸ್ತ್ರ ಇದೆ!"

ನಮ್ಮ ಕಸುಬಿನ ಶಾಸ್ತ್ರವೆಂದರೆ ಶಾಸ್ತ್ರ. ಮೊದಲು ಕೆಲಸದ ಚೀಲದಿಂದ "ದುರಸ್ತಿ ನಡೆಯುತ್ತಿದೆ, ಯಾರೂ ಮುಟ್ಟಬಾರದು" ಎಂಬ ಕೆಂಪು ಬೋರ್ಡು ತೆಗೆದು ಸ್ವಿಚ್ ಬೋರ್ಡಿನ ಮೇಲೆ ನೇತುಹಾಕಿದೆ. ಬಾಗಿಲ ಮೇಲಿನ ಪೆಟ್ಟಿಗೆಯಿಂದ ಪ್ಲಗ್‌ಗಳ ಫ್ಯೂಸ್ ಕಿತ್ತು ಜೇಬಿಗಿಳಿಸಿದೆ. ಕನ್ನಡಕ ಏರಿಸಿದೆ. ಸ್ಕ್ರೂಡ್ರೈವರುಗಳನ್ನು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದೆ. ಆಮೇಲೆ ಲ್ಯಾಪ್‌ಟಾಪನ್ನು ಬೋರಲು ಹಾಕಿ ಬಿಚ್ಚಿದೆ.

ಒಳಗೆ ಒಂದು ಹಿಡಿ ಧೂಳು, ಸತ್ತ ಇರುವೆ ಎರಡು. ಊದಿದೆ, ಬ್ರಷ್ಷಿನಿಂದ ಗುಡಿಸಿದೆ, ಮುಚ್ಚಿದೆ. ವೈರ್ ಚುಚ್ಚಿ, ಸ್ವಿಚ್ ಹಾಕಿ, "ಈಗ ನೋಡು!" ಎಂದು ಗುಂಡಿ ಒತ್ತಿದೆ.

ನೋಡಲು ಏನೂ ಇರಲಿಲ್ಲ. ಪರದೆ ಕಪ್ಪಗೆ, ಅದರಲ್ಲಿ ನನ್ನದೇ ಮುಖ.

"ಕರೆಂಟ್ ಇದ್ಯೇನ್ರೀ?"

"ತಲೆ ಮೇಲೆ ಫ್ಯಾನ್ ತಿರುಗ್ತಾ ಇದೆ, ಕರೆಂಟ್ ಇದ್ಯಾ ಅಂತೀಯಲ್ಲ!" ಎಂದು ನಕ್ಕುಬಿಟ್ಟೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮತ್ತೆ ಬಿಚ್ಚಿದೆ. ಹನ್ನೆರಡು ಗಂಟೆಗೆ ಮುಚ್ಚಿದೆ. ಒಂದು ಗಂಟೆಗೆ ಬಿಚ್ಚಿದೆ. ಅಷ್ಟರಲ್ಲಿ ಹೆಂಡತಿ ಕ್ಲಾಸಿಗೆಂದು ಆರಿಸಿಟ್ಟ ಬಟ್ಟೆಗೆ ಇಸ್ತ್ರಿ ಹಾಕಲು ಹೋದವಳು ಕೂಗಿದಳು: "ರೀ, ಇಸ್ತ್ರಿಪೆಟ್ಟಿಗೆ ಕಾಯ್ತಾನೇ ಇಲ್ಲ!"

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. "ಗೊತ್ತಾಯ್ತು! ವೈರಸ್! ಲ್ಯಾಪ್‌ಟಾಪಿಂದ ವೈರ್ ಮೂಲಕ ಇಸ್ತ್ರಿಪೆಟ್ಟಿಗೆಗೆ ದಾಟಿದೆ!"

"ಇಸ್ತ್ರಿಪೆಟ್ಟಿಗೆಗೂ ವೈರಸ್ ಬರುತ್ತೇನ್ರೀ?"

"ಬಂದಿದೆಯಲ್ಲ, ಕಣ್ಮುಂದೇನೇ!" ಎಂದು ಅದನ್ನೂ ಬಿಚ್ಚಿ ಹರವಿದೆ.

ಅಡುಗೆಮನೆಯಿಂದ ಅತ್ತೆ ಬಂದರು. "ಅಳಿಯಂದ್ರೇ, ಫ್ರಿಜ್ ಬೆಳಿಗ್ಗೆಯಿಂದ ಸದ್ದೇ ಮಾಡ್ತಿಲ್ಲ."

"ಹೋದ ವಾರ ನಾನೇ ಅಲ್ವಾ ಅತ್ತೆ ಅದನ್ನ ರಿಪೇರಿ ಮಾಡಿದ್ದು? ಇನ್ಮೇಲೆ ಸದ್ದೇ ಇರಲ್ಲ!"

"ಹಾಲು ಒಡೆದಿದೆ."

"ಅದು ಹಾಲಿನ ದೋಷ."

ಅತ್ತೆ ಬಹಳ ಮರ್ಯಾದಸ್ಥರು. ನನ್ನನ್ನೊಮ್ಮೆ, ಮೇಜಿನ ಮೇಲಿನ ರಣರಂಗವನ್ನೊಮ್ಮೆ ನೋಡಿ, "ನಿಮ್ಮ ಜೇಬಲ್ಲಿ ಏನೋ ಕಟಕಟ ಅಂತಿದೆ" ಎಂದಷ್ಟೇ ಹೇಳಿದರು. "ಸ್ಕ್ರೂ ಅತ್ತೆ, ಸ್ಕ್ರೂ!" ಎಂದೆ.

ಎರಡೂವರೆಗೆ ಸ್ಟುಡಿಯೊದವರಿಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ಆ ಮನುಷ್ಯ ತಣ್ಣಗೆ, "ನಿನ್ನೆ ರಾತ್ರಿವರೆಗೂ ಓಡಿಸಿದ್ದೀನಿ ಸಾರ್. ಪ್ಲಗ್ಗಿಗೆ ಕರೆಂಟ್ ಬರ್ತಿದ್ಯಾ ಒಂದ್ಸಲ ನೋಡಿ" ಎಂದರು.

"ಕರೆಂಟಿನ ವಿಷಯ ನನಗೇ ಹೇಳ್ಕೊಡ್ತೀರೇನ್ರೀ? ಯಾರ ಹತ್ರ ಮಾತಾಡ್ತಿದ್ದೀರಿ ಗೊತ್ತಾ?" ಎಂದು ಫೋನ್ ಕುಕ್ಕಿದೆ.

"ಹೋಗ್ಲಿ ಬಿಡಿ, ನನ್ನ ಫೋನಲ್ಲೇ ಕ್ಲಾಸ್ ಮಾಡ್ತೀನಿ" ಎಂದು ಹೆಂಡತಿ ಚಾರ್ಜಿಗಿಟ್ಟ ಫೋನ್ ಒತ್ತಿ ನೋಡಿದಳು. ಬೆಳಿಗ್ಗೆಯಿಂದ ಚಾರ್ಜ್ ಆಗುತ್ತಿದ್ದ ಆ ಫೋನೂ ಸತ್ತು ಮಲಗಿತ್ತು. ನನ್ನದೋ, ಗುಂಡಿ ಒತ್ತುವ ಫೋನು. ಅದರಲ್ಲಿ ಮುಖ ಕಾಣುವುದಿಲ್ಲ.

ಮೂರೂ ಇಪ್ಪತ್ತಾಯಿತು. ಅವಳು ಬರೆದುಕೊಂಡಿದ್ದ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಬಟ್ಟೆ ಮಡಚುವ ಹಾಗೇ. ಮೇಲಿನ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ "ಎಲ್ಲರಿಗೂ ನಮಸ್ಕಾರ" ಎಂದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಅವಳು ಎರಡು ವಾರದಿಂದ ಕಾದ ಒಂದು ಗಂಟೆಯನ್ನು ನಾನು ಸ್ಕ್ರೂಡ್ರೈವರಿನಿಂದ ಚುಚ್ಚಿ ಸಾಯಿಸಿದ್ದೆ.

"ನನ್ನಿಂದ ಆಗ್ಲಿಲ್ಲ ಕಣೇ" ಎಂದೆ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

"ಇರಲಿ ಬಿಡಿ, ನೀವೇನು ಬೇಕಂತ ಮಾಡಿದ್ರಾ? ಬೆವರಲ್ಲಿ ತೊಯ್ದುಹೋಗಿದ್ದೀರಿ. ಶರ್ಟ್ ಬಿಚ್ಚಿ ಕೊಡಿ, ನೆನೆಹಾಕ್ತೀನಿ."

ಬಿಚ್ಚಿ ಕೊಟ್ಟೆ. ಅವಳೇ ಹೊಲಿದ ಶರ್ಟು, ಅವಳೇ ಇಟ್ಟ ಆಳವಾದ ಜೇಬು. ಒಗೆಯುವ ಮುಂಚೆ ಜೇಬು ತಡಕುವುದು ಅವಳ ಪದ್ಧತಿ. ಒಂದು ಸ್ಕ್ರೂ ಬಂತು. ಎರಡು ಬಂದವು. ಆಮೇಲೆ ಬಿಳಿ ಪಿಂಗಾಣಿಯದ್ದೇನೋ ಬಂತು.

"ರೀ, ಇದೇನಿದು?"

"ಫ್ಯೂಸು."

"ಯಾವುದರ ಫ್ಯೂಸು?"

ನಾನು ಬಾಗಿಲ ಮೇಲಿನ ಪೆಟ್ಟಿಗೆ ನೋಡಿದೆ. ಅವಳೂ ನೋಡಿದಳು. ಅತ್ತೆಯೂ ನೋಡಿದರು. ಫ್ಯಾನು ಮಾತ್ರ ಲೈಟಿನ ಫ್ಯೂಸಿನಲ್ಲಿ ತನ್ನ ಪಾಡಿಗೆ ತಿರುಗುತ್ತಿತ್ತು.

"ಯಂತ್ರ ಮುಟ್ಟೋ ಮುಂಚೆ ಫ್ಯೂಸ್ ಕಿತ್ತು ಜೇಬಲ್ಲಿಟ್ಕೋಬೇಕು. ಆಗ ಬೇರೆ ಯಾರೂ ಹಾಕೋಕಾಗಲ್ಲ, ಶಾಕ್ ಹೊಡಿಯಲ್ಲ" ಎಂದು ಗೊಣಗಿದೆ. "ಅದು ನಮ್ಮ ಶಾಸ್ತ್ರ."

"ವಾಪಸ್ ಹಾಕೋಕೆ ಶಾಸ್ತ್ರ ಇಲ್ವಾ?" ಎಂದರು ಅತ್ತೆ.

ಸ್ಟೂಲು ಹತ್ತಿ ಫ್ಯೂಸ್ ಸಿಕ್ಕಿಸಿದೆ. ಫ್ರಿಜ್ ಗುರ್ರೆಂದಿತು. ಫೋನು ಟಿಂಗೆಂದಿತು. ಜೀವಮಾನದಲ್ಲೇ ಅಷ್ಟು ವೇಗವಾಗಿ ಲ್ಯಾಪ್‌ಟಾಪು ಜೋಡಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ಪರದೆ ಬೆಳಗಿತು! ಅವಳ ಮುಖವೂ. ಒಂದು ಸ್ಕ್ರೂ ಉಳಿದಿತ್ತು, ಅದರ ಮಾತು ಬೇಡ.

ಸರಿಯಾಗಿ ನಾಲ್ಕಕ್ಕೆ ಹನ್ನೊಂದು ಮುಖಗಳು ಮೂಡಿದವು. "ಎಲ್ಲರಿಗೂ ನಮಸ್ಕಾರ" ಎಂದಳು ನನ್ನ ಹೆಂಡತಿ. ಧ್ವನಿ ನಡುಗಲಿಲ್ಲ. ನನ್ನ ಕಣ್ಣಲ್ಲೇ ನೀರು ಬಂತು. ನಾನೂ ಅಭ್ಯಾಸಬಲದಿಂದ ಕೈ ಮುಗಿದೆ.

"ಇವತ್ತು ಕಾಲರ್ ಹೇಳ್ಕೊಡೋಣ ಅಂತಿದ್ದೆ. ಬೇಡ, ಜೇಬಿಂದಲೇ ಶುರು ಮಾಡೋಣ" ಎಂದು ಅವಳು ನನ್ನ ಬೆವರು ಶರ್ಟನ್ನೇ ಎತ್ತಿ ಹಿಡಿದಳು. "ಜೇಬು ಎಷ್ಟು ಆಳ ಇರ್ಬೇಕು? ಕೈ ಹೋಗುವಷ್ಟು. ಒಳಗಿಟ್ಟಿದ್ದು ಮರೆತುಹೋಗುವಷ್ಟಲ್ಲ!"

ಆಗ ಒಬ್ಬ ಶಿಷ್ಯೆ ಕೇಳಿದಳು: "ಟೀಚರ್, ನಿಮ್ಮ ಹಿಂದೆ ಬನಿಯನ್‌ನಲ್ಲಿ ಕೈ ಮುಗ್ಕೊಂಡು ಕೂತಿದ್ದಾರಲ್ಲ, ಯಾರು ಅವರು?"

ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಎದ್ದು ಹೋಗಿ ಸ್ವಿಚ್ ಬೋರ್ಡಿನ ಮೇಲಿದ್ದ ಕೆಂಪು ಬೋರ್ಡನ್ನು ತಂದು, ನಿಧಾನವಾಗಿ ನನ್ನ ಕೊರಳಿಗೆ ಹಾಕಿ, ದಾರ ಸರಿಮಾಡಿದಳು. ಕ್ಯಾಮೆರಾದಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು.

"ನಮ್ಮ ಮನೆಯವರು" ಎಂದಳು. "ಇಪ್ಪತ್ತು ವರ್ಷದಿಂದ ನಡೀತಾನೇ ಇದೆ."