ಎರಡು ಚೌಕಟ್ಟಿನಲ್ಲೂ ಹಿಡಿಸದ ಉಂಗುರ

ಬೈಲಹೊಂಗಲದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ನನ್ನ ಉದ್ಯೋಗ. ದಿನವಿಡೀ ತಂತಿಯ ನಡುವೆಯೇ ಕೂತವನಿಗೆ ವಿಜ್ಞಾನಿಗಳ ತಂತಿ ಸಿದ್ಧಾಂತ, ಅದೇ ಸ್ಟ್ರಿಂಗ್ ಥಿಯರಿ, ಯಾವ ಲೆಕ್ಕ? ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಮಳೆಗಾಲ ಮುಗಿಯುವಷ್ಟರಲ್ಲಿ ಬ್ರಹ್ಮಾಂಡವನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದೆ. ಉಳಿದದ್ದು ನನ್ನ ನಿಶ್ಚಿತಾರ್ಥ ಒಂದೇ!

ಹುಡುಗಿ ಸುನಂದಾ. ರಾಮದುರ್ಗದ ಕಡೆ ತೊರಗಲ್ಲಿನವಳು, ಮನೆಯಲ್ಲೇ ಹೊಲಿಗೆ ಕೆಲಸ. ಉಂಗುರಕ್ಕೆಂದು ತನ್ನ ಬೆರಳಿಗೆ ಸುತ್ತಿ ಅಳತೆ ತೆಗೆದ ಕೆಂಪು ದಾರ ಕಳಿಸಿದ್ದಳು. ದಾರಕ್ಕೆ ಎರಡು ಗಂಟು. ಗಂಟಿನಿಂದ ಗಂಟಿಗೆ ಬೆರಳಿನ ಸುತ್ತಳತೆ.

"ಮಲ್ಲು, ಇದನ್ನ ಪತ್ತಾರ ಕಾಕಾನ ಕೈಯಾಗ ಕೊಟ್ಟು ಬಾ. ಮತ್ತೇನೂ ಮಾಡಬ್ಯಾಡ," ಎಂದಳು ಅವ್ವ. ನನ್ನನ್ನು ಇಪ್ಪತ್ತಾರು ವರ್ಷ ಕಂಡವಳು!

ದಾರಿಯಲ್ಲಿ ಚಹಾ ಅಂಗಡಿ. ಅಲ್ಲಿ ಗೆಳೆಯ ಬಸು. ಕೈಯಲ್ಲಿ ದಾರ. ಇಷ್ಟೆಲ್ಲ ಒಟ್ಟಿಗೆ ಕೂಡಿ ಬಂದಾಗ ವಿಜ್ಞಾನಿಯಾದವನು ಸುಮ್ಮನಿರಲು ಸಾಧ್ಯವೇ?

"ನೋಡಲೇ ಬಸ್ಯಾ, ಎಲ್ಲಾದರ ಬುಡದಾಗೂ ಇಂಥ ಸಣ್ಣ ಸಣ್ಣ ತಂತಿ ನಡಗತಿರತಾವ," ಎಂದು ಎರಡೂ ಗಂಟು ಹಿಡಿದು ಜಗ್ಗಿ, ನಡುವೆ ಮೀಟಿ ತೋರಿಸಿದೆ.

ದಾರ ಹರಿಯಿತು.

"ಬ್ರಹ್ಮಾಂಡ ಹರದ್ಯಲ್ಲೋ!" ಎಂದ ಬಸು.

ನಾನು ಧೃತಿಗೆಡಲಿಲ್ಲ. ಹರಿದ ತುದಿಗಳನ್ನು ಕೂಡಿಸಿ ಗಟ್ಟಿಯಾಗಿ ಗಂಟು ಬಿಗಿದೆ. ಚಂದ ಕಾಣಲೆಂದು ಉಳಿದ ಚೂರುಗಳನ್ನು ಹಲ್ಲಿನಿಂದ ಕಚ್ಚಿ ಉಗಿದೆ. ದಿನಾ ನೂರಾರು ಸುತ್ತು ಸುತ್ತುವ ಕೈ. ಒಂದು ಗಂಟು ಎಷ್ಟು ದಾರ ತಿಂದೀತು?

ಅಕ್ಕಸಾಲಿಗ ಪತ್ತಾರ ಕಾಕಾ ತಮ್ಮ ಅಂಗಡಿಯಲ್ಲಿ ಕನ್ನಡಕ ಏರಿಸಿ ನೋಡಿದರು. "ತಮ್ಮಾ, ನಡುವ ಇದೇನೋ ಗಂಟು?"

"ಅದನ್ನ ಬಿಡ್ರಿ ಕಾಕಾ. ಈ ತುದಿ ಗಂಟಿನಿಂದ ಆ ತುದಿ ಗಂಟಿನ ತನಕ ಅಳತಿ."

"ಹುಡುಗೀಗೆ ಒಂದು ಫೋನ್ ಹಚ್ಚಿ ಕೇಳಿಬಿಡು."

ಫೋನ್ ಮಾಡಿ ಏನೆಂದು ಹೇಳಲಿ? ನಿನ್ನ ಬೆರಳನ್ನು ಚಹಾ ಅಂಗಡಿಯಲ್ಲಿ ಹರಿದೆ ಎಂದೇ? ಮಾತು ಮರೆಸಲು ಜ್ಞಾನದಾನ ಶುರುಮಾಡಿದೆ. "ಕಾಕಾ, ಈ ಸಿದ್ಧಾಂತದಾಗ ವಿಶ್ವ ನೋಡಾಕ ಎರಡು ಚೌಕಟ್ಟು ಅದಾವು. ಒಂದರಾಗ ತಂತಿ ಉದ್ದಾನ ಅಳತೀ ಕೋಲು. ಇನ್ನೊಂದರಾಗ ಗುರುತ್ವದ ಲೆಕ್ಕದಿಂದ ಬಂದ ಕೋಲು. ಒಮ್ಮೊಮ್ಮೆ ಮೊದಲನೇದ್ರಾಗ ಹಿಗ್ಗೋ ವಿಶ್ವ ಎರಡನೇದ್ರಾಗ ಕುಗ್ಗತೈತಿ. ವಿಶ್ವ ಮಾತ್ರ ಒಂದ!"

"ಹಿಗ್ಗತೈತೋ, ಕುಗ್ಗತೈತೋ? ಒಂದು ಹೇಳು."

"ಯಾವ ಕೋಲು ಅನ್ನೂದರ ಮ್ಯಾಲೆ ಐತ್ರಿ."

"ನಿನ್ನಂಥ ಗಿರಾಕಿ ಇನ್ನ ಇಬ್ಬರು ಬಂದ್ರ ನಾ ಅಂಗಡಿ ಮುಚ್ಚತೇನಿ," ಎನ್ನುತ್ತ ಕಾಕಾ ದಾರವನ್ನು ಎಳೆದುಕೊಂಡರು.

ನಿಶ್ಚಿತಾರ್ಥದ ದಿನ ಸವದತ್ತಿ ದಾಟುವವರೆಗೂ ಗಾಡಿಯಲ್ಲಿದ್ದವರಿಗೆಲ್ಲ ಎರಡು ಚೌಕಟ್ಟು ವಿವರಿಸಿದೆ. ಅವರೆಲ್ಲ ಮಲಗಿದ್ದರು. ತೊರಗಲ್ಲಿನಲ್ಲಿ ಹಾಲ್ ತುಂಬ ಜನ. ಅವ್ವ ಉಂಗುರದ ಡಬ್ಬಿ ಕೊಟ್ಟಳು. ನಾನು ಸುನಂದಾಳ ಕೈ ಹಿಡಿದು, ಫೋಟೋದವನ ಕಡೆ ನಕ್ಕು, ಉಂಗುರ ತೊಡಿಸಿದೆ.

ಅದು ಬೆರಳಿನ ನಡುಗೆಣ್ಣಿನಲ್ಲಿ ನಿಂತಿತು.

ನಗು ಮುಖದಲ್ಲೇ ಇಟ್ಟುಕೊಂಡು ಒತ್ತಿದೆ. ಸಾಬೂನು ಬಂತು. ಕೊಬ್ಬರಿ ಎಣ್ಣೆ ಬಂತು. ಉಂಗುರ ಮಾತ್ರ ಮುಂದೆ ಹೋಗಲಿಲ್ಲ! ನಮ್ಮ ಕಡೆಯ ಸೋದರತ್ತೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಳು: "ನೋಡಾಕ ಬಂದಾಗ ಹುಡುಗಿ ತೆಳ್ಳಗಿದ್ಲವಾ. ಎರಡ ತಿಂಗಳದಾಗ ಬೆರಳು ಇಷ್ಟ ದಪ್ಪ ಆದ್ವು?"

ಸುನಂದಾಳ ಅಜ್ಜಿ, ಎಲ್ಲರೂ ಆಯಿ ಎನ್ನುವಾಕೆ, ಮುಖ ಬಿಗಿದಳು. ಸುನಂದಾ ತಲೆ ತಗ್ಗಿಸಿದಳು. ಆಗ ನಾನು ಅವಳನ್ನು ಕಾಪಾಡಲು ನಿರ್ಧರಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು!

"ಅತ್ತಿ, ಅಳತೀ ಕೋಲು ಬದಲಾದ್ರ ಚೌಕಟ್ಟೂ ಬದಲಾಗತೈತಿ. ಒಂದು ಚೌಕಟ್ಟಿನ್ಯಾಗ ಬೆರಳು ಹಿಗ್ಗೈತಿ. ಇನ್ನೊಂದರಾಗ ಉಂಗುರ ಕುಗ್ಗೈತಿ. ಎರಡೂ ಖರೇನ!"

"ಅಂದ್ರ ಬೆರಳು ಹಿಗ್ಗಿದ್ದು ಖರೇ ಅಂತಾಯ್ತು," ಎಂದಳು ಅತ್ತೆ.

ಆಯಿ ನನ್ನನ್ನು ದುರುಗುಟ್ಟಿ ನೋಡಿದಳು. ಸುನಂದಾ ಮಾತ್ರ ಮೆಲ್ಲಗೆ ತಲೆ ಎತ್ತಿದಳು.

"ಒಂದು ಕೇಳತೇನ್ರಿ. ಮೊದಲನೇ ಚೌಕಟ್ಟಿನ್ಯಾಗ ಉಂಗುರ ಈ ಬೆರಳಿಗೆ ಹೋಗತೈತೇನ್ರಿ?"

"ಇಲ್ಲ."

"ಎರಡನೇದ್ರಾಗ?"

"ಇಲ್ಲ... ಅಲ್ಲೂ ಹೋಗಂಗಿಲ್ಲ."

"ಹಂಗಾರ ಯಾವ ಕೋಲು ಹಿಡಿದ್ರೂ ಬದಲಾಗದ್ದು ಅದೊಂದ ನೋಡ್ರಿ."

ಕೋಲು ಬದಲಾದರೂ ಬೆರಳಿಗೂ ಉಂಗುರಕ್ಕೂ ನಡುವಿನ ಪ್ರಮಾಣ ಬದಲಾಗದು! ನಲವತ್ತು ವಿಡಿಯೋಗಳಲ್ಲಿ ನನಗೆ ಹೊಳೆಯದ ಮಾತು ಅವಳಿಗೆ ಸಾಬೂನಿನ ಕೈಯಲ್ಲೇ ಹೊಳೆದಿತ್ತು.

ಅಷ್ಟರಲ್ಲಿ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. ಪತ್ತಾರ ಕಾಕಾ ದಾರವನ್ನು ಚಂದವಾಗಿ ಸುತ್ತಿ ಅದರಲ್ಲೇ ಇಟ್ಟಿದ್ದರು. ಪ್ರಾಮಾಣಿಕ ಮನುಷ್ಯ!

ಸುನಂದಾ ಅದನ್ನು ಬಿಚ್ಚಿ ಎಲ್ಲರ ಎದುರು ಎತ್ತಿ ಹಿಡಿದಳು. "ದಾರದ ಅಳತೀ ಮ್ಯಾಲೆ ಹೊಟ್ಟಿ ಹೊರಿಯಾಕಿ ನಾ. ಎರಡು ಗಂಟು ಹಾಕಿ ಕಳಿಸಿದ್ದೆ. ಇಲ್ಲಿ ಮೂರು ಅದಾವ್ರಿ."

ಹಾಲ್ ಪೂರ್ತಿ ನನ್ನ ಕಡೆ ತಿರುಗಿತು. ಸೋದರತ್ತೆಗೆ ಒಮ್ಮೆಲೇ ಕೆಮ್ಮು ಬಂತು.

"ಮಲ್ಲೂ?" ಎಂದಳು ಅವ್ವ.

ಚಹಾ, ಬಸು, ಹಲ್ಲು, ಎಲ್ಲ ಒಪ್ಪಿಕೊಂಡೆ. ಮೊದಲು ನಕ್ಕವಳು ಆಯಿ. "ಹುಡುಗ ಶಾಣ್ಯಾ ಅದಾನು ಅಂದಿದ್ರಿ. ಇರಲಿ ಬಿಡ್ರಿ, ಸುಳ್ಳರ ಹೇಳಲಿಲ್ಲ!" ಉಂಗುರವನ್ನು ಅಂದಿನ ಮಟ್ಟಿಗೆ ಸುನಂದಾಳ ಕಿರುಬೆರಳಿಗೆ ತೊಡಿಸಿ ಶಾಸ್ತ್ರ ಮುಗಿಸಿದರು.

ಊಟವಾದ ಮೇಲೆ ಮದುವೆಯ ಪೇಟಾಕ್ಕೆ ನನ್ನ ತಲೆಯ ಅಳತೆ ಬೇಕಾಯಿತು. ಸುನಂದಾ ತನ್ನ ಟೇಪು ತಂದು ತಲೆಗೆ ಸುತ್ತಿದಳು.

"ಎಷ್ಟಾತ್ರಿ?" ಎಂದು ಕೇಳಿದೆ.

"ನೀವು ಹೇಳೂ ಮಾತಿಗೆ ಹೋಲಿಸಿದ್ರ ಭಾಳ ಸಣ್ಣದು," ಎಂದಳು.

ಪೇಟಾದ ಅಂಗಡಿ ಇರುವುದು ಬೈಲಹೊಂಗಲದಲ್ಲಿ, ನನ್ನ ಅಂಗಡಿಯ ಎದುರಿಗೇ. ಅವಳು ಅಳತೆ ಬರೆದ ಚೀಟಿಗೆ ನಾನು ಕೈ ಚಾಚಿದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ನಮ್ಮವ್ವನ ಕೈಗೆ ಕೊಟ್ಟಳು.