ಗೋಡೆಯಾಚೆಯ ಪರಾಗ

ಹೆದರುವವನ ಮನೆಯ ವಿಳಾಸ ಹೆದರಿಕೆಗೆ ಬಾಯಿಪಾಠ. ಅರಬಿ ನಾಡಿನ ಮಿರ್ದಿಫ್‌ನ ನಮ್ಮ ಬಾಡಿಗೆ ಮನೆಗೆ ಈ ವರ್ಷ ಅದು ಬಳ್ಳಿಯ ರೂಪದಲ್ಲಿ ಬಂತು. ಅಲ್ಲಾಹನು ಕಾಪಾಡಿದ, ಅಲ್‌ಹಮ್ದುಲಿಲ್ಲಾಹ್. ಕಾಪಾಡುವ ಮೊದಲು ಮಾತ್ರ ಚೆನ್ನಾಗಿ ನಡುಗಿಸಿದ.

೧. ಒಂದೇ ಬರಿ

ನನ್ನಾಕೆ ಹಿತ್ತಲಲ್ಲಿ ಪ್ಯಾಶನ್ ಫ್ರೂಟ್ ಬಳ್ಳಿ ಹಬ್ಬಿಸಿದ್ದಳು. ಮೊದಲ ಹಣ್ಣಿನ ಶರಬತ್ತು ಮಸೀದಿಯ ಇಫ್ತಾರಿಗೆ ಎಂದು ಹರಕೆ. ದಿನಾ ಹೂವು ಅರಳುತ್ತಿತ್ತು, ದಿನಾ ಉದುರುತ್ತಿತ್ತು. ಕಾಯಿ ಮಾತ್ರ ಇಲ್ಲಿನವರ ಮಾತಿನಲ್ಲಿ ‘ಮಾಫಿ’, ಅಂದರೆ ಇಲ್ಲವೇ ಇಲ್ಲ.

“ಕಣ್ಣು ಬಿದ್ದಿದೆ. ಕುರ್‌ಆನ್ ಓದಿ ಊದಿ,” ಎಂದಳು.

ಓದಿ ಊದಿದೆ. ಊದಿದ ರಭಸಕ್ಕೆ ಇನ್ನೆರಡು ಹೂವು ಬಿದ್ದವು.

ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿರುವ ನಮ್ಮ ತುಳು ಗೆಳೆಯನಿಗೆ ಗಿಡಗಳ ಹುಚ್ಚು. ಬಂದು ನೋಡಿ ನಕ್ಕ. “ಸಾಯ್ಬರೇ, ಈ ಬಳ್ಳಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಒಂದೇ ಬರಿಯವರು, ಅಂದರೆ ಒಂದೇ ಕುಲದವರು, ಮದುವೆ ಆಗುವುದಿಲ್ಲವಲ್ಲ, ಹಾಗೆ. ಬೇರೆ ಬಳ್ಳಿಯ ಸಂಬಂಧ ಬೇಕು.”

ಗಿಡಕ್ಕೂ ಹಲಾಲು ಹರಾಮು ಕಲಿಸಿದ ಒಡೆಯನನ್ನು ನೆನೆದು ನನಗೆ ಕಣ್ಣು ತುಂಬಿತು. ನನ್ನಾಕೆ, “ಇಷ್ಟೇ ತಾನೆ!” ಎಂದು ಅದೇ ಬಳ್ಳಿಯ ತುಂಡೊಂದನ್ನು ಇನ್ನೊಂದು ಕುಂಡದಲ್ಲಿ ನೆಟ್ಟಳು. ಅದು ಹಬ್ಬಿ ಹೂ ಬಿಟ್ಟಾಗ ಗೆಳೆಯ ತಲೆಗೆ ಕೈ ಇಟ್ಟ.

“ಅಕ್ಕಾ, ಇದು ಬೇರೆ ಬಳ್ಳಿಯಲ್ಲ, ಅದರದೇ ಕೈ. ಮದುಮಗನ ಎಡಗೈಯನ್ನು ಬಲಗೈಗೆ ಕೊಟ್ಟು ನಿಕಾಹ್ ಮಾಡಿಸಿದ್ದೀರಿ!”

೨. ದುಂಬಿ

ನಿಜವಾದ ಬೇರೆ ಬಳ್ಳಿ ಇದ್ದದ್ದು ಗೋಡೆಯಾಚೆ, ಮನೆಯ ಮಾಲೀಕರಾದ ಅರಬಿ ಅಜ್ಜನ ಅಂಗಳದಲ್ಲಿ. “ದುಂಬಿ ಬಂದರೆ ಪರಾಗ ತಾನೇ ತರುತ್ತದೆ,” ಎಂದಿದ್ದ ಗೆಳೆಯ. ಹಾಗಾಗಿ ನಾವಿಬ್ಬರೂ ಹಿತ್ತಲಲ್ಲಿ ಕಾದು ಕುಳಿತೆವು.

ಬಂತು. ಕಪ್ಪಗೆ, ಹೆಬ್ಬೆರಳ ಗಾತ್ರ, ಹೆಲಿಕಾಪ್ಟರಿನ ಸದ್ದು. ನಾನು ಅಡುಗೆಮನೆಗೆ ಓಡಿ ಚಿಲಕ ಹಾಕಿ ಕೇಡು ಕಳೆಯುವ ಆಯತುಲ್ ಕುರ್ಸಿ ಓದಲು ಶುರು ಮಾಡಿದೆ. ಹೊರಗಿನಿಂದ ನನ್ನಾಕೆ ಬಾಗಿಲು ಬಡಿದಳು.

“ಹೆದರಬೇಡ! ಅಲ್ಲಾಹನ ಮೇಲೆ ತವಕ್ಕುಲ್ ಇಡು, ಭಾರ ಅವನಿಗೆ ಬಿಡು!” ಎಂದು ಒಳಗಿನಿಂದಲೇ ಧೈರ್ಯ ಹೇಳಿದೆ.

“ನನಗೇನು ಹೆದರಿಕೆ? ಅದು ನಿಮ್ಮ ಟೊಪ್ಪಿಯ ಮೇಲೆ ಕೂತು ಒಳಗೆ ಬಂದಿದೆ!”

೩. ಗೋಡೆ

ಉಳಿದದ್ದು ನಾವೇ ಪರಾಗ ತರುವುದು. ಆದರೆ ಹಿಂದಿನ ಬಾಡಿಗೆಯವರು ಗೋಡೆಯ ಮೇಲಿಂದ ಇಣುಕಿದರೆಂದು ಅಜ್ಜ ಅವರನ್ನು ಮನೆ ಬಿಡಿಸಿ ಖಲಾಸ್ ಮಾಡಿದ್ದರಂತೆ. ಅದು ಅವರ ಮನೆಯ ಹೆಂಗಸರು ಓಡಾಡುವ ಅಂಗಳ, ಅಜ್ಜನದು ತಪ್ಪೇನಿಲ್ಲ. ನಮ್ಮ ಬಾಡಿಗೆ ಕರಾರು ಆ ವಾರವೇ ಮುಗಿಯುವುದಿತ್ತು, ಹೊಸದಕ್ಕೆ ಅಜ್ಜನ ಸಹಿ ಬೇಕಿತ್ತು. ಅಜ್ಜನಿಗೆ ಸಲಾಮ್ ಹೇಳುವಾಗಲೇ ನನ್ನ ನಾಲಿಗೆ ಒಣಗುತ್ತಿತ್ತು, ಹೂವು ಕೇಳುವುದು ಹೇಗೆ?

“ಇಣುಕಿದರೆ ತಾನೆ ತಪ್ಪು?” ಎಂದಳು ನನ್ನಾಕೆ. “ಕಣ್ಣು ಮುಚ್ಚಿ ಕೈ ಮಾತ್ರ ಆಚೆ ಹಾಕಿ. ಹೂವು ಗೋಡೆಯ ತುದಿಯಲ್ಲೇ ಇದೆ.”

ಶುಕ್ರವಾರದ ಜುಮಾ ನಮಾಜು ಮುಗಿಸಿ ಬಂದವನು ಸ್ಟೂಲು ಹತ್ತಿದೆ. ಕೈಯಲ್ಲಿ ಪೇಂಟಿಂಗ್ ಬ್ರಷ್, ಬಾಯಲ್ಲಿ ಬಿಸ್ಮಿಲ್ಲಾ, ಕಣ್ಣು ಗಟ್ಟಿ ಮುಚ್ಚಿದೆ. ತಡಕಿದೆ. ಎಲೆ ಸಿಕ್ಕಿತು. ಆಮೇಲೆ ಮೆತ್ತಗೆ, ನಾರುನಾರಾಗಿ ಏನೋ ಸಿಕ್ಕಿತು. ಹೂವೇ ಇರಬೇಕೆಂದು ಬ್ರಷ್ ಆಡಿಸಿದೆ. ಹೂವು ಕೆಮ್ಮಿತು.

ಕಣ್ಣು ಬಿಟ್ಟರೆ ಅಜ್ಜನ ಗಡ್ಡ!

ಮನೆ ಹೋಯಿತು, ಸಾಮಾನು ಕಟ್ಟಬೇಕು, ಯಾ ಅಲ್ಲಾಹ್! “ಹಾಜೀ, ಮಾಫ್ ಮಾಡಿ, ನಾನು ಏನೂ ನೋಡಿಲ್ಲ, ಬರೀ ಹೂವು...” ಎಂದು ತೊದಲಿದೆ.

ಅಜ್ಜ ತುಟಿಗೆ ಬೆರಳಿಟ್ಟರು. “ಮೆಲ್ಲಗೆ! ನಿನ್ನ ಮದಾಮ್ ಎಲ್ಲಿ?”

“ಒಳಗೆ.”

ಆಗ ಅವರು ಇನ್ನೊಂದು ಕೈ ಮೇಲೆತ್ತಿದರು. ಅದರಲ್ಲೂ ಒಂದು ಬ್ರಷ್. ಅವರು ನಿಂತದ್ದೂ ಕುರ್ಚಿಯ ಮೇಲೆ!

“ನನ್ನ ಬಳ್ಳಿಯಲ್ಲೂ ಕಾಯಿ ಮಾಫಿ,” ಎಂದು ಪಿಸುಗುಟ್ಟಿದರು. “ನಿಮ್ಮ ಹೂವು ಕೇಳೋಣ ಅಂತ ಎಷ್ಟೋ ಸಲ ಹತ್ತಿದೆ. ಹತ್ತಿದಾಗಲೆಲ್ಲ ಮದಾಮ್ ನಿನಗೆ ಬೈಯುವುದು ಕೇಳಿ ಇಳಿದುಬಿಟ್ಟೆ.”

ಅಷ್ಟರಲ್ಲಿ ಅಡುಗೆಮನೆಯಿಂದ, “ಆಯ್ತಾ ಇಲ್ವಾ?” ಎಂಬ ಗರ್ಜನೆ. ಗೋಡೆಯ ಈಚೆ ನಾನು, ಆಚೆ ಅಜ್ಜ, ಒಟ್ಟಿಗೇ ಕೆಳಗೆ ಕೂತೆವು.

ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದ ಪಿಸುದನಿ ಬಂತು: “ಕರಾರಿಗೆ ನಾಳೆಯೇ ಸಹಿ ಹಾಕುತ್ತೇನೆ. ಮದಾಮ್‌ಗೆ ಮಾತ್ರ ಹೇಳಬೇಡ, ನಾನು ಇಣುಕಿದ್ದು.”